ಅನಧ್ಯಾಯದ ದಿನಗಳು: ಮಹಾನವಮಿಯ ಬಿಡುವಿನಲ್ಲಿ ವಿದ್ಯಾರ್ಥಿಗಳ ಸಂಚಾರ

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಗುರುಗಳು ಏನನ್ನು ಬೋಧಿಸಿದರು, ಶಿಷ್ಯರು ಯಾವ ಗ್ರಂಥಗಳನ್ನು ಕಂಠಸ್ಥ ಮಾಡಿದರು, ಅಗ್ರಹಾರಗಳಿಗೂ ಮಠಗಳಿಗೂ ಯಾವ ಅರಸರು ಎಷ್ಟು ಭೂಮಿಯನ್ನು ಧಾರೆಯೆರೆದರು ಎಂಬುದನ್ನೆಲ್ಲ ಶಾಸನಗಳಿಂದಲೂ ಕಡತಗಳಿಂದಲೂ ಶ್ರದ್ಧೆಯಿಂದ ಆಯ್ದು ಕೊಟ್ಟಿದ್ದಾರೆ. ಆದರೆ ಪಾಠವು ನಿಂತ ದಿನ ಆ ಬಾಲಕರು ಎಲ್ಲಿಗೆ ಹೋದರು, ಯಾರೊಡನೆ ಹೋದರು, ಏನನ್ನು ಕಂಡು ಬಂದರು ಎಂಬ ವಿಷಯಕ್ಕೆ ಆ ಚರಿತ್ರೆಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪವಾದುದು. ದೀರ್ಘವಾದ ಬೇಸಿಗೆಯ ರಜೆಯು ಈಚಿನ ಏರ್ಪಾಡು. ಅದಕ್ಕಿಂತ ಬಹು ಹಿಂದಿನಿಂದಲೂ ನಮ್ಮ ಪಾಠಶಾಲೆಗಳಲ್ಲಿ ಬಳಕೆಯಲ್ಲಿದ್ದುದು ಒಂದು ದಿನದ, ಎರಡು ದಿನದ, ಹೆಚ್ಚೆಂದರೆ ಒಂದು ಹಬ್ಬದ ಕಿರುಬಿಡುವು. ಆ ಬಿಡುವಿನಲ್ಲಿ ವಿದ್ಯಾರ್ಥಿಯು ಕೈಗೊಳ್ಳುತ್ತಿದ್ದ ಸಂಚಾರವನ್ನು ಹಿಂಬಾಲಿಸಿ ನೋಡಿದರೆ, ಪಾಠ ನಿಂತ ಕಾಲವೂ ಶಿಕ್ಷಣದ ಒಂದು ಅಂಗವೇ ಆಗಿದ್ದಿತೆಂಬುದೂ, ಒಳಗೆ ಕಲಿತ ವಿದ್ಯೆಯು ಹೊರಗೆ ನಡೆದುಬಂದು ಲೋಕವನ್ನು ಮುಟ್ಟುತ್ತಿದ್ದುದು ಆಗಲೇ ಎಂಬುದೂ ಮನವರಿಕೆಯಾಗುತ್ತದೆ.

ಧರ್ಮಶಾಸ್ತ್ರಕಾರರು ಈ ಬಿಡುವಿನ ಸಂದರ್ಭಗಳನ್ನು ಬಹು ಸೂಕ್ಷ್ಮವಾಗಿ ಎಣಿಸಿದ್ದಾರೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಅನಧ್ಯಾಯಕ್ಕೆ ಹಲವು ಶ್ಲೋಕಗಳು ಮೀಸಲಾಗಿದ್ದು, ಅಮಾವಾಸ್ಯೆ, ಚತುರ್ದಶಿ, ಅಷ್ಟಮಿ, ಪೌರ್ಣಮಿಗಳು ಅಲ್ಲಿ ನಿಷಿದ್ಧ ತಿಥಿಗಳಾಗಿ ಬರುತ್ತವೆ. ಯಾಜ್ಞವಲ್ಕ್ಯಸ್ಮೃತಿಯಾದರೋ ಆಯಾ ಹೊತ್ತಿಗೆ ಮಾತ್ರ ಅನ್ವಯಿಸುವ ಅನಧ್ಯಾಯಗಳನ್ನು 37 ಎಂದು ಲೆಕ್ಕ ಕೊಟ್ಟು ಹೇಳುತ್ತದೆ: ಧೂಳಿನ ಗಾಳಿ ಬೀಸಿದಾಗ, ಮಂಜು ಕವಿದಾಗ, ನರಿ, ಕತ್ತೆ, ಗೂಬೆಗಳ ಕೂಗು ಕೇಳಿಸಿದಾಗ, ಆನೆಯನ್ನೋ ಕುದುರೆಯನ್ನೋ ದೋಣಿಯನ್ನೋ ಏರಿದ್ದಾಗ, ಶಿಷ್ಟರಾದ ಅತಿಥಿಗಳು ಮನೆಗೆ ಬಂದಾಗ ಪಾಠ ನಿಲ್ಲತಕ್ಕದ್ದು. ಇವುಗಳಲ್ಲಿ ಕೆಲವಕ್ಕೆ ಅಶೌಚವೂ ಕೆಲವಕ್ಕೆ ಭಯವೂ ಕಾರಣವಾಗಿದ್ದರೂ, ಬಹುಪಾಲು ಸಂದರ್ಭಗಳಲ್ಲಿ ಬಾಲಕನ ಕಣ್ಣುಕಿವಿಗಳು ತಾವಾಗಿಯೇ ಹೊರಕ್ಕೆ ಸೆಳೆಯಲ್ಪಡುತ್ತವೆಂಬುದು ಗಮನಾರ್ಹವಾದುದು. ಈ ನಿಯಮವನ್ನು ಮೀರಿ ಓದುವವನ ಗತಿಯೇನೆಂಬುದಕ್ಕೆ ಆದಿಕವಿಯೇ ಸಾಕ್ಷಿ. ಸುಂದರಕಾಂಡದಲ್ಲಿ ಹನುಮಂತನು ಅಶೋಕವನದ ಸೀತೆಯ ಕೃಶತೆಯನ್ನು ಬಣ್ಣಿಸುವಾಗ, ಪಾಡ್ಯದ ದಿನವೂ ಓದುವವನ ವಿದ್ಯೆಯು ಕ್ಷೀಣಿಸುವುದನ್ನೇ ಉಪಮಾನವಾಗಿ ಹೇಳುತ್ತಾನೆ. ಬಿಡುವಿಲ್ಲದ ವಿದ್ಯೆಯು ಸೊರಗುವುದೆಂಬ ತಿಳಿವಳಿಕೆಯು ಉಪಮಾನವಾಗುವಷ್ಟರ ಮಟ್ಟಿಗೆ ಲೋಕಪ್ರಸಿದ್ಧವಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಂಥ ಒಂದು ಬಿಡುವಿನ ದಿನವನ್ನು ಅತ್ಯಂತ ಸಮೀಪದಿಂದ ಚಿತ್ರಿಸಿದವನು ಎಂಟನೆಯ ಶತಮಾನದ ಭವಭೂತಿ. ಉತ್ತರರಾಮಚರಿತದ ನಾಲ್ಕನೆಯ ಅಂಕದಲ್ಲಿ ವಸಿಷ್ಠ, ಅರುಂಧತಿ, ಜನಕ ಮತ್ತು ದಶರಥನ ರಾಣಿಯರು ವಾಲ್ಮೀಕಿಯ ಆಶ್ರಮಕ್ಕೆ ಅತಿಥಿಗಳಾಗಿ ಬಂದುದರಿಂದ ಪಾಠ ನಿಲ್ಲುತ್ತದೆ. ಬ್ರಹ್ಮಚಾರಿಗಳು ಹಿಗ್ಗಿನಿಂದ ಗದ್ದಲವೆಬ್ಬಿಸಿ ಆಡತೊಡಗುತ್ತಾರೆ. ಅಷ್ಟರಲ್ಲಿ ಆಶ್ರಮದ ಹೊರಗೆ ರಾಮನ ಅಶ್ವಮೇಧದ ಕುದುರೆಯು ಹಾದುಹೋಗುತ್ತದೆ. ಕುದುರೆಯ ಹೆಸರನ್ನು ಕೇಳಿದ್ದರೇ ಹೊರತು ಅದನ್ನು ಕಣ್ಣಾರೆ ಕಾಣದಿದ್ದ ಆ ಬಾಲಕರು ಓಡಿಬಂದು, ಹಿಂದುಗಡೆ ದೊಡ್ಡ ಬಾಲವಿದೆ, ಅದನ್ನು ಬಿಡದೆ ಆಡಿಸುತ್ತಿದೆ, ಕತ್ತು ನೀಳವಾಗಿದೆ, ಗೊರಸು ನಾಲ್ಕೇ ಇವೆ, ಹುಲ್ಲು ಮೇಯುತ್ತದೆ, ಮಾವಿನ ಹಣ್ಣಿನ ಗಾತ್ರದ ಲದ್ದಿಯನ್ನು ಹಾಕುತ್ತದೆ ಎಂದು ಉಸಿರುಕಟ್ಟಿ ವರ್ಣಿಸಿ, ಅದು ದೂರ ಹೋಗಿಬಿಡುವುದೆಂಬ ಆತುರದಿಂದ ಲವನ ಕೈಗಳನ್ನೂ ಅವನು ಹೊದ್ದ ಜಿಂಕೆಯ ಚರ್ಮವನ್ನೂ ಹಿಡಿದು ಎಳೆಯುತ್ತಾರೆ. ಲವನು ಕುದುರೆಯನ್ನು ಕಂಡೊಡನೆ ಅದು ಅಶ್ವಮೇಧದ್ದೆಂದು ಗುರುತಿಸಿ, ಆ ಕಾಂಡವನ್ನು ನೀವೂ ಓದಿದ್ದೀರಲ್ಲವೆ ಎಂದು ಗೆಳೆಯರನ್ನು ಕೇಳುತ್ತಾನೆ. ಪಾಠದಲ್ಲಿ ಅಕ್ಷರವಾಗಿ ಬಂದುದು ಬಿಡುವಿನಲ್ಲಿ ನಾಲ್ಕು ಗೊರಸುಗಳ ಮೇಲೆ ನಡೆದುಬಂದಿತು. ಮುಂದೆ ತಂದೆ ಮಕ್ಕಳು ಒಬ್ಬರನ್ನೊಬ್ಬರು ಅರಿಯುವುದಕ್ಕೂ ಆ ಓಟವೇ ಮೊದಲಾಯಿತು.

ಕಾವ್ಯಲೋಕವನ್ನು ಬಿಟ್ಟು ನಮ್ಮ ಹಳ್ಳಿಗಳ ಕೂಲಿಮಠಗಳಿಗೆ ಬಂದರೆ, ಆ ಮಠಗಳ ದಿನಚರಿಯನ್ನು ತಿಳಿಸುವ ಒಂದು ಅಮೂಲ್ಯವಾದ ಲೇಖ್ಯವು ದೊರೆಯುತ್ತದೆ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಪಾಠಶಾಲೆಗಳ ಸ್ಥಿತಿಗತಿಯನ್ನು ವಿಚಾರಿಸಲು ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಅದರಂತೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿಯನ್ನು ಕಳುಹಿಸಿದನು. ಆ ಜಿಲ್ಲೆಯಲ್ಲಿ ಆಗ 533 ಪಾಠಶಾಲೆಗಳೂ ಅವುಗಳಲ್ಲಿ 6,641 ವಿದ್ಯಾರ್ಥಿಗಳೂ ಇದ್ದರು. 235 ಶಾಲೆಗಳಲ್ಲಿ ಕನ್ನಡವೂ 226ರಲ್ಲಿ ತೆಲುಗೂ ಬೋಧನೆಯ ಭಾಷೆಯಾಗಿದ್ದವು. ಬೆಳಗಿನ ಆರು ಗಂಟೆಗೆ ಮಠ ತೆರೆಯುವುದು, ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದೇ ಹೆಚ್ಚು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ತರುವಾಯ ಬಾಲಕನು ಇದ್ದಿಲು ಬಳಿದ ಹಲಗೆಗೂ, ಗಂಜಿಯಲ್ಲಿ ಬಿಗುವುಗೊಳಿಸಿ ಇದ್ದಿಲು ಮತ್ತು ಅಂಟು ಸವರಿ ಮಡಿಕೆ ಮಡಿಕೆಯಾಗಿ ಮಡಿಸಿದ ಬಟ್ಟೆಯ ಕಡತಕ್ಕೂ ಏರುತ್ತಿದ್ದನು. ಬಳಪದಲ್ಲಿ ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯುತ್ತಿದ್ದನು. ಇಂಥ ಕಟ್ಟುನಿಟ್ಟಿನ ನಡುವೆ ಅಮಾವಾಸ್ಯೆ ಹುಣ್ಣಿಮೆಗಳ ಬಿಡುವು ಎಷ್ಟು ಇಷ್ಟವಾಗಿದ್ದಿತೆಂಬುದನ್ನು ಊಹಿಸಬಹುದು.

ಆದರೆ ಎಲ್ಲ ಬಿಡುವುಗಳಿಗೂ ಕಳಶಪ್ರಾಯವಾಗಿದ್ದುದು ಆಶ್ವಯುಜ ಶುದ್ಧದ ಮಹಾನವಮಿ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಸರಸ್ವತಿಯನ್ನು ಆವಾಹನೆ ಮಾಡಿ, ಓಲೆಯ ಕಟ್ಟು, ಬರೆಯುವ ಕಂಠ, ಕಡತಗಳನ್ನೆಲ್ಲ ಪೀಠದ ಮೇಲೆ ಜೋಡಿಸಿಟ್ಟು ಪೂಜಿಸುವುದೂ, ಶ್ರವಣದಂದು ವಿಸರ್ಜಿಸುವವರೆಗೆ ಅವುಗಳನ್ನು ಮುಟ್ಟದಿರುವುದೂ ಸಂಪ್ರದಾಯ. ಪುಸ್ತಕವು ದೇವರಾಗಿ ಕುಳಿತಿರುವ ಆ ದಿನಗಳಲ್ಲಿ ಓದದಿರುವುದು ಸೋಮಾರಿತನವಲ್ಲ, ಪೂಜೆಯ ನಿಯಮವೇ ಆಗುತ್ತದೆ. ಪುಸ್ತಕವು ಒಳಗೆ ಉಳಿದಾಗ ಹುಡುಗನು ಹೊರಗೆ ಹೊರಡುತ್ತಿದ್ದನು. ಒಬ್ಬನೇ ಅಲ್ಲ, ಇಡೀ ಮಠವೇ ಹೊರಡುತ್ತಿದ್ದಿತು.

ಇದೇ ಬಯಲುಸೀಮೆಯ ಹಳ್ಳಿಗಳಲ್ಲಿ ಮಹಾನವಮಿಯ ಚೌಪದವೆಂದು ಪ್ರಸಿದ್ಧವಾದ ಪದ್ಧತಿ. ಮಠದ ಉಪಾಧ್ಯಾಯರಾದ ಐಗಳು ಮುಂದೆ, ಹಸನಾದ ಉಡುಪು ತೊಟ್ಟ ಮಕ್ಕಳು ಹಿಂದೆ, ಅವರ ಕೈಗಳಲ್ಲಿ ಬಣ್ಣದ ಕೋಲುಗಳು. ಹೀಗೆ ಮನೆಯಿಂದ ಮನೆಗೆ ಸಾಗಿ, ಅಂಗಳದಲ್ಲಿ ನಿಂತು, ಕೋಲು ತಟ್ಟುತ್ತ, ನಾಲ್ಕು ಸಾಲಿನ ಪದಗಳನ್ನು ಮೇಳವಾಗಿ ಹೇಳಿ, ದೇವತೆಗಳನ್ನು ಸ್ತುತಿಸಿ, ಮನೆಯೊಡೆಯರನ್ನು ಹರಸುವರು. ಮನೆಯವರು ಐಗಳಿಗೆ ಯಥಾಶಕ್ತಿ ಹಣವನ್ನೋ ದವಸವನ್ನೋ ವಸ್ತ್ರವನ್ನೋ ಒಪ್ಪಿಸಿ, ಮಕ್ಕಳ ಕೈಗೆ ತಿಂಡಿಯನ್ನು ಕೊಡುವರು. ಸರ್ಕಾರದ ಸಂಬಳವೆಂಬುದಿಲ್ಲದ ಆ ಕಾಲದಲ್ಲಿ ಐಗಳ ವರ್ಷದ ಜೀವನಕ್ಕೆ ಈ ಸಂಭಾವನೆಯು ದೊಡ್ಡ ಆಧಾರವಾಗಿದ್ದಿತು. ಆದರೂ ಚೌಪದದ ಅರ್ಥವನ್ನು ಈ ಆದಾಯಕ್ಕೆ ಸೀಮಿತಗೊಳಿಸುವುದು ಸರಿಯಲ್ಲ. ವರ್ಷವಿಡೀ ಮಠದ ಗೋಡೆಗಳ ಒಳಗೆ ಉಚ್ಚರಿಸಿ ಉಚ್ಚರಿಸಿ ತಿದ್ದಿಕೊಂಡ ನಾಲಗೆಯು ಅಂದು ಊರಿನ ಮುಂದೆ ಪರೀಕ್ಷೆಗೆ ನಿಲ್ಲುತ್ತಿದ್ದಿತು. ಅಕ್ಷರವರಿಯದ ಅಜ್ಜಿಯೂ ತನ್ನ ಬೀದಿಯ ಹುಡುಗನು ತಡವರಿಸದೆ ಪದ ಹೇಳಿದನೇ ಇಲ್ಲವೇ ಎಂಬುದನ್ನು ತಾನೇ ಕೇಳಿ ನಿರ್ಣಯಿಸಬಲ್ಲವಳಾಗಿದ್ದಳು. ಹುಡುಗನಿಗಾದರೋ ಊರಿನ ಗೌಡನ ತೊಟ್ಟಿಯ ಮನೆಯಿಂದ ಹಿಡಿದು ಕುಂಬಾರನ ಗುಡಿಸಲಿನವರೆಗೆ ತನ್ನ ಊರಿನ ಬಾಳ್ವೆಯೆಲ್ಲವೂ ಒಂದೇ ಸುತ್ತಿನಲ್ಲಿ ಕಣ್ಣಿಗೆ ಬೀಳುತ್ತಿದ್ದಿತು.

ಕರಾವಳಿಯಲ್ಲಿ ಇದೇ ನವರಾತ್ರಿಯ ಸಂಚಾರವು ಹೂವಿನಕೋಲೆಂಬ ಇನ್ನೊಂದು ರೂಪವನ್ನು ತಾಳಿತು. ಅಲ್ಲಿ ಮಕ್ಕಳು ಹೂವಿನಿಂದ ಸಿಂಗರಿಸಿದ ಕೋಲುಗಳನ್ನು ಹಿಡಿದು, ಭಾಗವತರೊಡನೆಯೂ ಮದ್ದಳೆಯೊಡನೆಯೂ ಮನೆಮನೆಗೆ ಹೋಗಿ, ಹರಕೆಯ ಪದವನ್ನು ಹೇಳಿದ ಮೇಲೆ ಎದುರುಬದುರಾಗಿ ಕುಳಿತು, ಯಕ್ಷಗಾನ ಪ್ರಸಂಗವೊಂದರ ಭಾಗವನ್ನು ತೆಗೆದುಕೊಂಡು ಅರ್ಥ ಹೇಳುವರು. ಭಾಗವತರು ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ, ಗೆಜ್ಜೆಯಿಲ್ಲದೆ, ಕಿರೀಟವಿಲ್ಲದೆ, ಬರಿಯ ವಾಕ್ಕಿನ ಬಲದಿಂದಲೇ ಒಬ್ಬ ಎಳೆಯನು ಕೃಷ್ಣನಾಗಿಯೂ ಇನ್ನೊಬ್ಬನು ಅರ್ಜುನನಾಗಿಯೂ ಪ್ರಶ್ನೋತ್ತರಕ್ಕೆ ತೊಡಗುವುದನ್ನು ಕಂಡವರಿಗೆ, ಕರಾವಳಿಯ ಕನ್ನಡಕ್ಕೆ ಆ ಶುದ್ಧಿಯೂ ಆ ಓಜಸ್ಸೂ ಎಲ್ಲಿಂದ ಬಂದಿತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಿಡುವಿನ ಕೊನೆಯ ಸಂಚಾರವು ವಿಜಯದಶಮಿಯ ಸೀಮೋಲ್ಲಂಘನ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಬನ್ನಿಯ ಮರದಲ್ಲಿರಿಸಿದ್ದರೆಂಬ ಕಥೆಯನ್ನು ಕೇಳಿ ತಿಳಿದಿದ್ದ ಹುಡುಗನು, ಅಂದು ಊರವರೊಡನೆ ಎಲ್ಲೆಯನ್ನು ದಾಟಿ, ಬನ್ನಿಯ ಮರವನ್ನು ಪ್ರದಕ್ಷಿಣೆ ಮಾಡಿ, ಎಲೆಯನ್ನು ತಂದು ಹಿರಿಯರ ಕೈಗಿತ್ತು ನಮಸ್ಕರಿಸುತ್ತಿದ್ದನು. ಬಡಗಣ ಕರ್ನಾಟಕದಲ್ಲಿ ಅದನ್ನೇ ಬಂಗಾರವೆಂದು ಕೊಟ್ಟು ಕೊಳ್ಳುವ ವಾಡಿಕೆ ಇಂದಿಗೂ ಉಂಟು. ಹೊಸದಾಗಿ ಅಕ್ಷರಾಭ್ಯಾಸ ಮಾಡಿಸುವುದಕ್ಕೂ ಆ ದಿನವೇ ಪ್ರಶಸ್ತವೆಂದು ಎಣಿಸಲ್ಪಟ್ಟುದರಿಂದ, ಎಲ್ಲೆಯನ್ನು ದಾಟಿ ಬಂದ ದಿನವೇ ವಿದ್ಯೆಯು ಪುನಃ ಆರಂಭವಾಗುತ್ತಿದ್ದಿತು.

ಈ ಪದ್ಧತಿಯ ಗುಣವನ್ನು ಹೇಳುವಾಗ ಅದರ ಕೊರತೆಯನ್ನು ಮರೆಮಾಚುವುದು ಧರ್ಮವಲ್ಲ. ಬಳ್ಳಾರಿಯ 6,641 ವಿದ್ಯಾರ್ಥಿಗಳಲ್ಲಿ ಬಾಲಕಿಯರ ಸಂಖ್ಯೆ ಕೇವಲ 60. ಸಮಾಜವು ದೂರವಿರಿಸಿದ್ದ ಜಾತಿಗಳ ಮಕ್ಕಳಿಗೆ ಮಠದ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದಿತು. ಹೆಣ್ಣುಮಕ್ಕಳಿಗೆ ನವರಾತ್ರಿಯಲ್ಲಿ ದೊರೆಯುತ್ತಿದ್ದ ಸಂಚಾರವೆಂದರೆ ಸಂಜೆಯ ಹೊತ್ತು ಮನೆಮನೆಯ ಗೊಂಬೆಗಳನ್ನು ನೋಡಿ, ಹಾಡು ಹೇಳಿ, ಗೊಂಬೆ ಬಾಗಿನವನ್ನು ಪಡೆದು ಬರುವುದು. ಅಲ್ಲಿಯೂ ಪುರಾಣಕಥೆಗಳ ಪರಿಚಯವಾಗುತ್ತಿದ್ದಿತಾದರೂ, ಅದರ ಹಿಂದೆ ಅಕ್ಷರದ ಬೆಂಬಲವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರದ ವಿದ್ಯಾ ಇಲಾಖೆಗಳು ಏರ್ಪಟ್ಟು, ಮೈಸೂರು ಸೀಮೆಯಲ್ಲಿ ಆ ಇಲಾಖೆಯ ಅಧಿಕಾರಿ ಲೂಯಿಸ್ ರೈಸನ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಹುಟ್ಟಿಕೊಂಡ ಮೇಲೆ, ತಿಥಿಯ ಬಿಡುವು ಹಿಂದೆ ಸರಿದು ಭಾನುವಾರದ ಬಿಡುವು ಬಂದಿತು. ಉಪಾಧ್ಯಾಯರಿಗೆ ಸಂಬಳ ನಿಶ್ಚಿತವಾದಂತೆ ಚೌಪದದ ಅವಶ್ಯಕತೆಯೂ ಕುಂದಿತು. ಹೊಸ ಶಾಲೆಯು ಮಠದಲ್ಲಿ ಮುಚ್ಚಿದ್ದ ಬಾಗಿಲನ್ನು ಕ್ರಮೇಣ ಎಲ್ಲರಿಗೂ ತೆರೆದುದು ಮಹೋಪಕಾರ. ಆದರೆ ಶಾಲೆಯೇ ಬೀದಿಗಿಳಿದು ನಡೆಯುವ ವಾಡಿಕೆಯು ಅದರೊಡನೆಯೇ ಲುಪ್ತವಾಗುತ್ತ ಬಂದಿತು. ಉಳಿದುದು ದಸರೆಯ ರಜೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಪ್ರಾರಂಭಿಸಿದ ನವರಾತ್ರಿಯ ಉತ್ಸವವು 1799ರ ತರುವಾಯ ಮೈಸೂರಿಗೆ ಬಂದು, ರಾಜಧಾನಿಯ ವಿದ್ಯಾರ್ಥಿಗೆ ಬೇರೊಂದು ಬಗೆಯ ಸಂಚಾರವನ್ನು ಒದಗಿಸಿತು: ಸಾವಿರ ಮೆಟ್ಟಿಲುಗಳನ್ನೇರಿ ಚಾಮುಂಡಿಯ ಬೆಟ್ಟ, ದಾರಿಯ ನಡುವೆ ಏಕಶಿಲೆಯ ಮಹಾನಂದಿ, 1907ರಿಂದ ಕೃಷಿಯನ್ನೂ ಕೈಗಾರಿಕೆಯನ್ನೂ ತೋರುವ ವಸ್ತುಪ್ರದರ್ಶನ, ಕೊನೆಗೆ ಬನ್ನಿಮಂಟಪದತ್ತ ಸಾಗುವ ಜಂಬೂಸವಾರಿ. ಹಳ್ಳಿಯ ಹುಡುಗನು ಮರದ ಬುಡದಲ್ಲಿ ಮುಗಿಸುತ್ತಿದ್ದ ಸೀಮೋಲ್ಲಂಘನವನ್ನೇ ಮೈಸೂರಿನ ಹುಡುಗನು ರಾಜವೈಭವದಿಂದ ಕಂಡನು. ಆದರೆ ಹಳ್ಳಿಯವನು ಹಾಡುವವನಾಗಿದ್ದನು, ಇವನು ನೋಡುವವನಾದನು.

ನೋಡುವವನಾಗಿಯೇ ಉಳಿಯದೆ ಬಿಡುವನ್ನು ಸೃಷ್ಟಿಯನ್ನಾಗಿ ಮಾರ್ಪಡಿಸಿದವರೂ ಉಂಟು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ರಜೆಗಳಲ್ಲಿ ಮಲೆನಾಡಿನ ತಮ್ಮ ಊರಿಗೆ ಮರಳಿ, ಗೆಳೆಯರೊಡನೆ ಕಾಡು ಬೆಟ್ಟಗಳನ್ನು ಅಲೆದು, ಬೇಟೆಗಾರರ ಮಾತನ್ನೂ ತೋಟದ ಕೆಲಸಗಾರರ ಕಷ್ಟಸುಖಗಳನ್ನೂ ಕೇಳಿದುದರ ಫಲವು 1933ರಲ್ಲಿ ಮಲೆನಾಡಿನ ಚಿತ್ರಗಳೆಂಬ ಪುಸ್ತಕವಾಗಿ ಕನ್ನಡಕ್ಕೆ ದೊರೆಯಿತು. ತರಗತಿಯ ಕಾವ್ಯಗಳೂ ರಜೆಯ ಕಾಡೂ ಒಂದೇ ಮನಸ್ಸಿನಲ್ಲಿ ಸಂಧಿಸದೆ ಹೋಗಿದ್ದರೆ ಆ ಪುಸ್ತಕವು ಹುಟ್ಟುತ್ತಿರಲಿಲ್ಲ.

ಆಶ್ರಮದ ಬಾಲಕರಿಂದ ಮಲೆನಾಡಿನ ಕವಿಯವರೆಗೆ ಈ ಚರಿತ್ರೆಯು ಒಂದೇ ತತ್ತ್ವವನ್ನು ಸಾರುತ್ತದೆ: ಬಿಡುವಿನ ಬೆಲೆಯನ್ನು ಅಳೆಯಬೇಕಾದುದು ವಿದ್ಯಾರ್ಥಿಯು ಎಷ್ಟು ದೂರ ಹೋದನೆಂಬುದರಿಂದಲ್ಲ, ತಾನು ಕಲಿತದ್ದರೊಡನೆ ಯಾರನ್ನು ಸೇರಿದನೆಂಬುದರಿಂದ. ಇಂದು ಕಿರುಬಿಡುವು ಬಂದೊಡನೆ ಮಕ್ಕಳನ್ನು ದೂರದ ಊರುಗಳಿಗೆ ಕರೆದೊಯ್ಯುವ ಅನುಕೂಲವುಳ್ಳವರು ಕರೆದೊಯ್ಯುತ್ತಾರೆ, ಇಲ್ಲದವರ ಮಕ್ಕಳು ಸುಮ್ಮನೆ ಮನೆಯಲ್ಲಿ ಉಳಿಯುತ್ತಾರೆ. ಚೌಪದಕ್ಕೆ ವೆಚ್ಚವಿರಲಿಲ್ಲ, ಅದಕ್ಕೆ ಬೇಕಾಗಿದ್ದುದು ಮಕ್ಕಳೊಡನೆ ನಡೆಯಲು ಸಿದ್ಧರಾದ ಒಬ್ಬ ಉಪಾಧ್ಯಾಯರೂ, ಬಾಗಿಲು ತೆರೆದು ಕೇಳಲು ಸಿದ್ಧವಾದ ಒಂದು ಊರೂ ಮಾತ್ರ. ಹಿಂದಿನ ಭೇದಗಳನ್ನು ಸಂಪೂರ್ಣವಾಗಿ ತೊರೆದು, ಹುಡುಗಿಯರನ್ನೂ ಹುಡುಗರನ್ನೂ ಸಮಸ್ತ ಕೇರಿಗಳ ಮಕ್ಕಳನ್ನೂ ಒಂದೇ ಮೇಳದಲ್ಲಿ ಸೇರಿಸಿಕೊಂಡು, ದಸರೆಯ ಬಿಡುವಿನಲ್ಲಿ ಒಂದು ದಿನವಾದರೂ ನಮ್ಮ ಶಾಲೆಗಳು ಊರಿನ ಬೀದಿಗಳಲ್ಲಿ ಹಾಡುತ್ತ ನಡೆಯುವಂತಾದರೆ, ಸರ್ಕಾರದ ಕಟ್ಟಡವೆಂದು ಜನರು ದೂರದಿಂದ ನೋಡುತ್ತಿರುವ ಶಾಲೆಯು ಮತ್ತೊಮ್ಮೆ ಊರಿನ ಸ್ವತ್ತಾಗುವುದರಲ್ಲಿ ಸಂದೇಹವಿಲ್ಲ.