ವೆನಿಸಿನಲ್ಲಿ ಕಲಿತ ಲೆಕ್ಕ: ಫುಗ್ಗರ್ ಕೋಠಿಯ ಕರಣಿಕ ಮಥಾಯಸ್ ಶ್ವಾರ್ಟ್ಸ್

ವ್ಯಾಪಾರವನ್ನು ಕಲಿಯುವುದಕ್ಕಾಗಿ ತರುಣರನ್ನು ಪರದೇಶಕ್ಕೆ ಕಳುಹಿಸುವ ಪದ್ಧತಿ ನಮ್ಮ ಕಾಲದ ವಿದ್ಯಾಲಯಗಳಿಂದ ಹುಟ್ಟಿದುದಲ್ಲ. ಹದಿನೈದನೆಯ ಶತಮಾನದ ವೇಳೆಗೇ ದಕ್ಷಿಣ ಜರ್ಮನಿಯ ಔಗ್ಸ್‌ಬರ್ಗ್, ನ್ಯೂರೆಂಬರ್ಗ್ ಮೊದಲಾದ ನಗರಗಳ ವರ್ತಕರು ಇನ್ನೂ ಮೀಸೆ ಮೂಡದ ತಮ್ಮ ಮಕ್ಕಳನ್ನು ಆಲ್ಪ್ಸ್ ಪರ್ವತಗಳನ್ನು ದಾಟಿಸಿ ವೆನಿಸಿಗೆ ಕಳುಹಿಸುತ್ತಿದ್ದರು. ಅಲ್ಲಿ ಪಡೆದ ವಿದ್ಯೆ ಅವರ ಮುಂದಿನ ಬಾಳಿಗೆ ಎಷ್ಟರ ಮಟ್ಟಿಗೆ ಆಧಾರವಾಯಿತೆಂಬುದನ್ನು ನಿರ್ಧರಿಸುವುದು ಸುಲಭವಲ್ಲ. ಏಕೆಂದರೆ ಕಲಿತವರಲ್ಲಿ ಬಹುಮಂದಿ ಕಲಿಕೆಯ ವಿಷಯವಾಗಿ ಒಂದು ಸಾಲನ್ನೂ ಬರೆದಿಟ್ಟಿಲ್ಲ. ಬರೆದಿಟ್ಟ ವಿರಳರಲ್ಲಿ ಫುಗ್ಗರ್ ಮನೆತನದ ಕರಣಿಕನಾದ ಮಥಾಯಸ್ ಶ್ವಾರ್ಟ್ಸ್ ಒಬ್ಬನು. ಅವನ ಸಾಕ್ಷ್ಯವನ್ನು ಇಲ್ಲಿ ನಾವು ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಗುರುಸ್ಥಾನವನ್ನು ನೋಡೋಣ. ವೆನಿಸಿನ ರಿಯಾಲ್ಟೋ ಸೇತುವೆಯ ಬಳಿ ಜರ್ಮನ್ ವರ್ತಕರಿಗೆಂದೇ ಒಂದು ದೊಡ್ಡ ವಸತಿಗೃಹವಿದ್ದಿತು. ಅದೇ ಫೊಂಡಾಕೊ ದೇಯಿ ತೆದೆಸ್ಕಿ. 1505ರಲ್ಲಿ ಅದು ಬೆಂಕಿಗೆ ಆಹುತಿಯಾಗಲು ವೆನಿಸಿನ ಸರ್ಕಾರವೇ ಅದನ್ನು ಮರಳಿ ಕಟ್ಟಿಸಿ 1508ರ ವೇಳೆಗೆ ಮುಗಿಸಿತು. ಗೋಡೆಗಳಿಗೆ ಚಿತ್ರ ಬರೆದವರು ಜಾರ್ಜೋನೆ ಮತ್ತು ಟಿಷಿಯನ್. ಇದನ್ನು ಆತಿಥ್ಯವೆಂದು ಭಾವಿಸಲಾಗದು. ಜರ್ಮನರು ಅಲ್ಲಿಯೇ ತಂಗಬೇಕು, ಸರಕನ್ನು ಅಲ್ಲಿಯೇ ಇಳಿಸಬೇಕು, ಸರ್ಕಾರ ಗೊತ್ತುಮಾಡಿದ ದಳ್ಳಾಳಿಗಳ ಮೂಲಕವೇ ಕೊಡುಕೊಳ್ಳುವಿಕೆ ನಡೆಯಬೇಕು. ಪರದೇಶಿಯ ಕೈಯಿಂದ ಜಾರುವ ಒಂದೊಂದು ನಾಣ್ಯದ ಮೇಲೂ ವೆನಿಸಿನ ಕಣ್ಣಿದ್ದಿತು. ಆದರೂ ಕಲಿಯಬಂದವನಿಗೆ ಅಲ್ಲಿ ಕೊರತೆಯಿರಲಿಲ್ಲ. 1424ರಷ್ಟು ಹಿಂದೆಯೇ ನ್ಯೂರೆಂಬರ್ಗಿನ ಜಾರ್ಜ್ ಎಂಬ ಉಪಾಧ್ಯಾಯನು ಅಲ್ಲಿ ವರ್ತಕರಿಗೆ ಭಾಷೆಯನ್ನು ಕಲಿಸುತ್ತಿದ್ದುದಕ್ಕೆ ಹಸ್ತಪ್ರತಿಗಳ ಆಧಾರವಿದೆ. 1477ರಲ್ಲಿ ಇಟಾಲಿಯನ್-ಜರ್ಮನ್ ಶಬ್ದಕೋಶವೊಂದು ಅಲ್ಲಿ ಅಚ್ಚಾಯಿತು. 1494ರಲ್ಲಿ ಲೂಕಾ ಪಾಚೋಲಿಯು ತನ್ನ ಗಣಿತಗ್ರಂಥದಲ್ಲಿ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ವಿವರಿಸಿ, ಅದನ್ನು ವೆನಿಸಿನ ರೀತಿಯೆಂದೇ ಕರೆದನು. ಚಿಟ್ಟಾ, ಕಿರ್ದಿ, ಖಾತೆ ಎಂಬ ಮೂರು ಪುಸ್ತಕಗಳು. ಪ್ರತಿಯೊಂದು ವ್ಯವಹಾರವೂ ಒಂದು ಖಾತೆಗೆ ಜಮಾ, ಮತ್ತೊಂದಕ್ಕೆ ಖರ್ಚು. ನಮ್ಮ ಮಂಡಿಗಳ ಗುಮಾಸ್ತೆಯರಿಗೂ ಈ ಹೆಸರುಗಳು ಹೊಸವಲ್ಲವಾದುದರಿಂದ ಹೆಚ್ಚಿನ ವಿವರಣೆ ಬೇಕಿಲ್ಲ.

ಫುಗ್ಗರ್ ಮನೆತನದ ಕೀರ್ತಿಗೆ ಕಾರಣನಾದ ಯಾಕೋಬ್ ಫುಗ್ಗರ್ (1459–1525) ಸಹ ವೆನಿಸಿನ ಶಿಷ್ಯನೇ. ಪಾದ್ರಿಯಾಗಬೇಕಿದ್ದ ಅವನು 1478ರ ಸುಮಾರಿನಲ್ಲಿ ಆ ಹಾದಿಯನ್ನು ಬಿಟ್ಟು ವ್ಯಾಪಾರಕ್ಕೆ ಬಂದನೆಂದು ಹಿಂದಿನ ಇತಿಹಾಸಕಾರರು ಬರೆದರು. ಆದರೆ 1473ರಲ್ಲಿಯೇ, ಹದಿನಾಲ್ಕರ ಹುಡುಗನಾಗಿದ್ದಾಗ, ಅವನು ಮನೆತನದ ಪರವಾಗಿ ವೆನಿಸಿನಲ್ಲಿ ಇದ್ದನೆಂಬುದು ಅನಂತರ ದೊರೆತ ದಾಖಲೆಯಿಂದ ತಿಳಿದುಬಂದಿದೆ.

ಇಂತಹ ಒಡೆಯನ ಬಳಿಗೆ 1516ರಲ್ಲಿ ಬಂದವನು ಶ್ವಾರ್ಟ್ಸ್. ಅವನು ಹುಟ್ಟಿದ್ದು 1497ರಲ್ಲಿ, ಔಗ್ಸ್‌ಬರ್ಗಿನ ದ್ರಾಕ್ಷಾರಸದ ವರ್ತಕನ ಮಗನಾಗಿ. ಕುಲಕ್ಕೆ ಒಂದು ಕಳಂಕವಿದ್ದಿತು. ಅವನ ಅಜ್ಜ ಉಲ್ರಿಚ್ ಶ್ವಾರ್ಟ್ಸ್ ಅದೇ ನಗರದ ಮೇಯರನಾಗಿ, ಪ್ರಬಲರಾದ ಹಳೆಯ ಮನೆತನಗಳನ್ನು ಎದುರುಹಾಕಿಕೊಂಡು, 1478ರಲ್ಲಿ ಗಲ್ಲಿಗೇರಿದ್ದನು. ಗಲ್ಲಿಗೇರಿದವನ ಮೊಮ್ಮಗನಿಗೆ ಆ ಊರಿನಲ್ಲಿ ಕುಲದ ಹೆಸರಿನ ಬಲವೆಲ್ಲಿಯದು? ಕಲಿತ ವಿದ್ಯೆಯೊಂದೇ ಅವನ ಬಂಡವಾಳವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅವನ ಪ್ರವಾಸದ ಅರ್ಥ ನಮಗೆ ಸ್ಪಷ್ಟವಾಗುತ್ತದೆ. 1514ರಲ್ಲಿ ಅವನು ಇಟಲಿಗೆ ಹೊರಟು ಮಿಲಾನ್, ಜಿನೋವಾಗಳಲ್ಲಿ ಅಲೆದು, ಕಡೆಗೆ ವೆನಿಸಿನಲ್ಲಿ ಲೆಕ್ಕದ ಉಪಾಧ್ಯಾಯನೊಬ್ಬನನ್ನು ಆಶ್ರಯಿಸಿದನು. ಪಂಡಿತನಾದೆನೆಂಬ ಹೆಮ್ಮೆಯಿಂದ ಊರಿಗೆ ಮರಳಿದನು. ಫುಗ್ಗರ್ ಕೋಠಿಯಲ್ಲಿ ಕುಳಿತ ಮೇಲೆ ಅವನಿಗೆ ಅರಿವಾದುದು ಬೇರೆ: ತಾನು ಕಲಿತುಬಂದುದು ಇಲ್ಲವೆನ್ನುವಷ್ಟು ಅಲ್ಪ ಎಂಬ ಭಾವದ ಮಾತನ್ನು ಅವನೇ ಬರೆದಿದ್ದಾನೆ.

ಈ ಮಾತನ್ನು ಹಿಡಿದು, ಪರದೇಶದ ಕಲಿಕೆ ವ್ಯರ್ಥ, ಮನೆಯ ಅನುಭವವೇ ಸರ್ವಸ್ವ ಎಂದು ಸಾಧಿಸಬಹುದು. ನಮಗೆ ಅದು ಸಮ್ಮತವಲ್ಲ. ಮೊದಲನೆಯದಾಗಿ, ಆ ಮಾತಿನಲ್ಲಿ ಒಡೆಯನನ್ನು ಮೆಚ್ಚಿಸುವ ಸೇವಕನ ಧ್ವನಿಯೂ ಇದೆ. ಅದಕ್ಕಿಂತ ಬಲವಾದ ಪ್ರಮಾಣವೆಂದರೆ 1518ರಲ್ಲಿ ಅವನೇ ರಚಿಸಿದ, ಮೂರು ಬಗೆಯ ಲೆಕ್ಕ ಬರೆಯುವಿಕೆಯನ್ನು ಕುರಿತ ಕೃತಿ. ಅವನ ಜೀವಿತಕಾಲದಲ್ಲಿ ಅದು ಅಚ್ಚಾಗದೆ ಹಸ್ತಪ್ರತಿಯಾಗಿಯೇ ಉಳಿಯಿತು. ಆಲ್ಫ್ರೆಡ್ ವೈಟ್‌ನಾವರ್ ಎಂಬ ವಿದ್ವಾಂಸನು 1931ರಲ್ಲಿ ಅದನ್ನು ಆಧರಿಸಿ ಫುಗ್ಗರರ ವೆನಿಸ್ ವ್ಯಾಪಾರವನ್ನು ವಿವರಿಸಿದನು. ಇಟಲಿಯ ಪದ್ಧತಿಯನ್ನೂ ಜರ್ಮನರ ಪದ್ಧತಿಯನ್ನೂ ಎದುರುಬದುರಾಗಿಟ್ಟು ತೂಗುವ ಈ ಕೃತಿಯಲ್ಲಿ ಉದಾಹರಣೆಗಳೆಲ್ಲ ಫುಗ್ಗರ್ ಕೋಠಿಯ ನಿಜವಾದ ವ್ಯವಹಾರದಿಂದ, ವಿಶೇಷವಾಗಿ ವೆನಿಸ್ ಶಾಖೆಯಿಂದ, ಆಯ್ದವು. ಲೆಕ್ಕವನ್ನು ಚೂರು ಕಾಗದಗಳಲ್ಲಿ ಗೀಚಿ ಗೋಡೆಗೆ ಅಂಟಿಸಿಡುವ ಸ್ವದೇಶದ ವರ್ತಕರನ್ನು ಅವನು ಹಾಸ್ಯಮಾಡುತ್ತಾನೆ. ಎರಡು ನಾಡುಗಳ ರೀತಿಯನ್ನು ಕಣ್ಣಾರೆ ಕಂಡವನಲ್ಲದೆ ಬೇರೆಯವನು ಇಂತಹ ತುಲನೆಯನ್ನು ಬರೆಯಲಾರನು. ವೆನಿಸ್ ಅವನಿಗೆ ಕೊಟ್ಟುದು ತನ್ನ ಊರಿನ ಅಭ್ಯಾಸವನ್ನು ಹೊರಗಿನಿಂದ ನೋಡುವ ದೃಷ್ಟಿ. ಕೋಠಿ ಕೊಟ್ಟುದು ಆ ದೃಷ್ಟಿಗೆ ತಕ್ಕ ವಿಸ್ತಾರವಾದ ಕ್ಷೇತ್ರ.

ಆ ಕ್ಷೇತ್ರದ ವಿಸ್ತಾರ ಎಷ್ಟೆಂಬುದನ್ನು ಒಂದು ಚಿತ್ರ ತೋರಿಸುತ್ತದೆ. ಶ್ವಾರ್ಟ್ಸನಿಗೆ ಉಡುಗೆತೊಡುಗೆಗಳ ಹುಚ್ಚು ವಿಪರೀತ. 1520ರಿಂದ ತನ್ನ ಬಾಳಿನ ಒಂದೊಂದು ವೇಷವನ್ನೂ ಚಿತ್ರಕಾರರಿಂದ ಬರೆಯಿಸುತ್ತ ಹೋಗಿ, 137 ಚಿತ್ರಗಳ ಪುಸ್ತಕವೊಂದನ್ನು ಬಿಟ್ಟುಹೋದನು. ಕರಣಿಕರ ಚರಿತ್ರೆಯಲ್ಲಿ ಇಂತಹ ಶೋಕಿ ಅಪರೂಪವೇ ಸರಿ! ಅದೇ ಕಾಲದ ಮತ್ತೊಂದು ಪ್ರಸಿದ್ಧ ಚಿತ್ರದಲ್ಲಿ ಅವನು ಖಾತೆ ಬರೆಯುತ್ತ ಕುಳಿತಿದ್ದಾನೆ; ಎದುರಿಗೆ ಯಾಕೋಬ್ ಫುಗ್ಗರ್ ನಿಂತಿದ್ದಾನೆ; ಹಿಂದಿನ ಕಪಾಟಿನ ಸೆಳೆಖಾನೆಗಳ ಮೇಲೆ ರೋಮ್, ವೆನಿಸ್, ಬುಡಾ, ಕ್ರಾಕೋ, ಮಿಲಾನ್, ಇನ್ಸ್‌ಬ್ರುಕ್, ನ್ಯೂರೆಂಬರ್ಗ್, ಆಂಟ್ವರ್ಪ್, ಲಿಸ್ಬನ್ ಎಂಬ ಹೆಸರುಗಳಿವೆ. ಇಟಲಿಯಲ್ಲಿ ಎರಡು ವರ್ಷ ಕಲಿತ ತರುಣನ ಲೇಖನಿಯ ಅಡಿಯಲ್ಲಿ ಯೂರೋಪಿನ ಬಹುಭಾಗದ ಹಣ ಹರಿಯಿತು. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ವೆಚ್ಚವಾದ ಸುಮಾರು 8,52,000 ಗುಲ್ಡನ್‌ಗಳಲ್ಲಿ 5,43,000ಕ್ಕೂ ಮೀರಿದ ಹಣವನ್ನು ಒದಗಿಸಿದವರು ಫುಗ್ಗರರೇ.

ಆ ಕಪಾಟಿನ ಲಿಸ್ಬನ್ ಎಂಬ ಹೆಸರಿನ ಬಳಿ ಕನ್ನಡಿಗರಾದ ನಾವು ಕ್ಷಣಕಾಲ ನಿಲ್ಲಬೇಕು. ಪೋರ್ಚುಗೀಸರು ಭಾರತಕ್ಕೆ ಜಲಮಾರ್ಗವನ್ನು ಕಂಡ ಮೇಲೆ ವೆನಿಸಿನ ಮೆಣಸಿನ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. ವೆನಿಸಿನ ಹಳೆಯ ಶಿಷ್ಯರು ಗುರುವಿಗಾಗಿ ಮರುಗುತ್ತ ಕುಳಿತಿರಲಿಲ್ಲ. 1505ರಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡನ ನೌಕಾಪಡೆಗೆ ಔಗ್ಸ್‌ಬರ್ಗಿನ ವೆಲ್ಸರರು 20,000 ಕ್ರುಜಾಡೊಗಳನ್ನೂ ಫುಗ್ಗರರು 4,000ವನ್ನೂ ಹೂಡಿದರು. ವೆಲ್ಸರರ ಪ್ರತಿನಿಧಿಯಾಗಿ ಆ ಹಡಗುಗಳಲ್ಲಿ ಬಂದ ಬಾಲ್ತಸಾರ್ ಸ್ಪ್ರಿಂಗರನ ಪ್ರವಾಸಕಥನ 1509ರಲ್ಲಿ ಅಚ್ಚಾಯಿತು. ಅದೇ ಪಡೆ ಕಾರವಾರದ ಸಮೀಪದ ಅಂಜದೀವ್‌ನಲ್ಲಿ ಕೋಟೆ ಕಟ್ಟಿತು. ವಿಜಯನಗರಕ್ಕೆ ಸೇರಿದ್ದ ಹೊನ್ನಾವರದ ರೇವಿಗೆ ನುಗ್ಗಿ ಹಡಗುಗಳನ್ನು ಸುಟ್ಟಿತು. ಜರ್ಮನ್ ವರ್ತಕರ ಪುಸ್ತಕಗಳಲ್ಲಿ ಆ ಹೂಡಿಕೆಗೆ ಲಾಭದ ಲೆಕ್ಕವಿದ್ದಿತು. ಹೊನ್ನಾವರದ ನಷ್ಟಕ್ಕೆ ಅಲ್ಲಿ ಖಾತೆಯಿರಲಿಲ್ಲ. ಜೋಡಿ ನಮೂದಿನ ಪದ್ಧತಿ ಎಷ್ಟೇ ಪೂರ್ಣವಾಗಿದ್ದರೂ ಅದರ ಎರಡು ಪಕ್ಕಗಳೂ ಒಬ್ಬನೇ ಒಡೆಯನವು.

ಶ್ವಾರ್ಟ್ಸನ ಉಳಿದ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. ಯಾಕೋಬನು ತೀರಿಕೊಂಡ ಮೇಲೆ ಅವನ ಅಣ್ಣನ ಮಗ ಆಂಟೋನನ ಕಾಲದಲ್ಲಿಯೂ ಅವನು ಕೋಠಿಯಲ್ಲಿಯೇ ಮುಂದುವರಿದನು. 1541ರಲ್ಲಿ ಐದನೆಯ ಚಾರ್ಲ್ಸ್ ಅವನಿಗೆ ಕುಲೀನ ಪದವಿಯನ್ನು ದಯಪಾಲಿಸಿದನು. ಅಜ್ಜನು ಗಲ್ಲಿಗೇರಿ ಅರುವತ್ತಮೂರು ವರ್ಷಗಳಾಗಿದ್ದುವು. ಅದೇ ವರ್ಷ ಹುಟ್ಟಿದ ಮಗ ವೈಟ್ ಕೊನ್ರಾಟ್‌ನೂ ಬೆಳೆದ ಮೇಲೆ ತಂದೆಯಂತೆಯೇ ಉಡುಗೆಗಳ ಚಿತ್ರಪುಸ್ತಕವನ್ನು ಮಾಡಿಸಿದನು. ಇಟಲಿಯಲ್ಲಿ ತಾನು ಕಲಿತುದು ಇಲ್ಲವೆನ್ನುವಷ್ಟು ಅಲ್ಪವೆಂದು ಬರೆದಿದ್ದ ತಂದೆಯು, ಕಲಿಯುವ ವಯಸ್ಸು ಬಂದಾಗ, ಆ ಮಗನನ್ನು ಕಳುಹಿಸಿದುದು ಇಟಲಿಗೇ.