ನೆಲದಡಿಯ ಕೊಳವೆಗೆ ಆಳ ಬರೆಯದ ಊರು

ಬೆಂಗಳೂರಿನ ಹಳೆಯ ರಸ್ತೆಯೊಂದರಲ್ಲಿ ಪಾಯ ತೆಗೆಯುವ ಮುನ್ನ ಎಂಜಿನಿಯರುಗಳು ಎರಡು ಸಂಗತಿ ತಿಳಿದುಕೊಳ್ಳಬೇಕು: ನೀರಿನ ಕೊಳವೆ ಎಲ್ಲಿ ಹಾದುಹೋಗಿದೆ, ಎಷ್ಟು ಆಳದಲ್ಲಿದೆ. ಮೊದಲನೆಯದಕ್ಕೆ ಹಳೆಯ ನಕ್ಷೆ, ವಾಲ್ವ್ ಮೇಲಿನ ಮುಚ್ಚಳ, ಮನೆಗಳ ಸಂಪರ್ಕ ಎಂದು ಏನಾದರೊಂದು ಸುಳಿವು ಸಿಕ್ಕೀತು. ಎರಡನೆಯದಕ್ಕೆ ಬಹುಪಾಲು ಏನೂ ಸಿಗುವುದಿಲ್ಲ. ಕಚೇರಿಗಳು ದಾಖಲೆ ಕಳೆದುಕೊಂಡವು ಎಂದು ದೂರುವುದು ವಾಡಿಕೆ. ಆದರೆ ಈ ಊರಿನ ನೀರು ಸರಬರಾಜಿನ ಚರಿತ್ರೆ ನೋಡಿದರೆ ನನಗೆ ಕಾಣುವುದು ಬೇರೆ. ಆಳವನ್ನು ಬರೆದಿಡುವ ಅಗತ್ಯವೇ ಕೊಳವೆ ಹಾಕಿದವರಿಗೆ ಬೀಳಲಿಲ್ಲ.

1896ರಲ್ಲಿ ಹೆಸರಘಟ್ಟದ ನೀರು ನಗರಕ್ಕೆ ಬಂದಾಗ ಒಂದೇ ಯೋಜನೆಯೊಳಗೆ ಎರಡು ಬಗೆಯ ಹರಿವು ಇತ್ತು. ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ ನೀರು ತನ್ನಷ್ಟಕ್ಕೆ ಇಳಿದು ಬರುತ್ತಿತ್ತು. ಸೋಲದೇವನಹಳ್ಳಿಯಿಂದ ಮುಂದೆ ಪಂಪಿನ ಒತ್ತಡದಲ್ಲಿ ಏರುತ್ತಿತ್ತು. ತನ್ನಷ್ಟಕ್ಕೆ ಇಳಿಯುವ ನೀರಿಗೆ ಇಳಿಜಾರು ತಪ್ಪುವಂತಿಲ್ಲ. ಆದ್ದರಿಂದ ಉದ್ದಕ್ಕೂ ಮಟ್ಟ ಅಳೆದು ಬರೆಯಲೇಬೇಕು. ಒತ್ತಡದ ಕೊಳವೆಗೆ ಆ ಕಟ್ಟುಪಾಡಿಲ್ಲ. ಅದು ನೆಲ ಏರಿದಲ್ಲಿ ಏರುತ್ತದೆ, ತಗ್ಗಿದಲ್ಲಿ ತಗ್ಗುತ್ತದೆ, ಬಂಡೆ ಅಡ್ಡ ಬಂದರೆ ಮೇಲೆದ್ದು ದಾಟುತ್ತದೆ. ಮೇಲೆ ಸಾಕಷ್ಟು ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. 1933ರ ತಿಪ್ಪಗೊಂಡನಹಳ್ಳಿ ಯೋಜನೆ, 1974ರಲ್ಲಿ ಬಂದ ಕಾವೇರಿ ನೀರು, ಎರಡಕ್ಕೂ ಬೀದಿಬೀದಿಯಲ್ಲಿ ಹಾಸಿದ್ದು ಈ ಎರಡನೆಯ ಬಗೆಯ ಕೊಳವೆಗಳನ್ನೇ. ಇದಕ್ಕೆ ಪಕ್ಕದಲ್ಲೇ ಪುರಾವೆಯಿದೆ. ಒಳಚರಂಡಿ ಇಳಿಜಾರನ್ನೇ ನಂಬಿಕೊಂಡು ಹರಿಯುತ್ತದೆ, ಹಾಗಾಗಿ ಅದರ ನಕ್ಷೆಯಲ್ಲಿ ಪ್ರತಿ ಮ್ಯಾನ್‌ಹೋಲಿಗೂ ತಳದ ಮಟ್ಟ, ಅಂದರೆ ಇನ್ವರ್ಟ್ ಲೆವೆಲ್, ನಮೂದಾಗುತ್ತದೆ. ನಕ್ಷೆ ಕಳೆದುಹೋದರೂ ಮುಚ್ಚಳ ಎತ್ತಿ ಅಳೆಯಬಹುದು. ಅದೇ ರಸ್ತೆಯ ನೀರಿನ ಕೊಳವೆಗೆ ವ್ಯಾಸ ಇರುತ್ತದೆ, ಬೀಡುಕಬ್ಬಿಣವೋ ಪಿವಿಸಿಯೋ ಎಂದು ಇರುತ್ತದೆ, ಮಟ್ಟ ಇರುವುದಿಲ್ಲ.

ಆಳಕ್ಕೆ ನಿಯಮವಿದೆಯಲ್ಲ, ರಸ್ತೆಯಡಿ ಸುಮಾರು ಒಂದು ಮೀಟರ್ ಮಣ್ಣು ಹೊದಿಸಬೇಕೆಂಬ ರೂಢಿಯಿಂದ ಲೆಕ್ಕ ಹಾಕಬಾರದೇ ಎಂದು ಕೇಳಬಹುದು. ಆ ಒಂದು ಮೀಟರ್ ಕೊಳವೆ ಹಾಕಿದ ದಿನದ ರಸ್ತೆಯಿಂದ ಅಳೆದದ್ದು. ಆಮೇಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎದ್ದಿರುತ್ತದೆ. ಅಡ್ಡರಸ್ತೆಗಳಲ್ಲಿ ಮನೆಯ ಹೊಸ್ತಿಲೇ ತಗ್ಗಾಗಿ ಮಳೆನೀರು ಒಳನುಗ್ಗುವುದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಇನ್ನು ಕೆಲವೆಡೆ ಕೆಳಸೇತುವೆಗೆಂದು, ಏರು ತಗ್ಗಿಸಲೆಂದು ನೆಲ ಕಡಿದಿರುತ್ತಾರೆ. ಕೊಳವೆ ಇದ್ದಲ್ಲೇ ಇರುತ್ತದೆ, ಆಳ ಮಾತ್ರ ಬದಲಾಗುತ್ತದೆ. ಸ್ಥಿರವಾದ ಅಳತೆ ಬೇಕಾದರೆ ಸಮುದ್ರಮಟ್ಟದಿಂದ ಎಣಿಸಬೇಕಿತ್ತು. ಸರ್ವೆ ಆಫ್ ಇಂಡಿಯಾ ಇಡೀ ದೇಶದ ಮೊದಲ ಮಟ್ಟಜಾಲವನ್ನು 1909ರಲ್ಲೇ ಹೊಂದಿಸಿ ಕೊಟ್ಟಿತ್ತು. ತಿಪ್ಪಗೊಂಡನಹಳ್ಳಿಯ ಕೊಳವೆಗಳಿಗಾಗಲಿ ಕಾವೇರಿಯ ಕೊಳವೆಗಳಿಗಾಗಲಿ ಆಧಾರಬಿಂದುವಿನ ಕೊರತೆ ಇರಲಿಲ್ಲ.

ಈಗ ಉಪಕರಣಗಳಿವೆಯಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಪೈಪ್ ಲೊಕೇಟರ್ ಕಬ್ಬಿಣದ ಕೊಳವೆಯ ಸುತ್ತಲಿನ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಹಿಡಿದು ಆಳ ಹೇಳುತ್ತದೆ. ನೆಲದೊಳಕ್ಕೆ ಅಲೆ ಕಳಿಸುವ ರಾಡಾರ್ ಪ್ರತಿಫಲನ ಮರಳುವ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತದೆ. ಎರಡೂ ಬಹಳ ಉಪಯುಕ್ತ, ಬಳಸಲೇಬೇಕು. ಆದರೆ ಪಕ್ಕದಲ್ಲೇ ಇನ್ನೊಂದು ಕೇಬಲ್ ಇದ್ದರೆ ಲೊಕೇಟರಿನ ಆಳ ದಾರಿ ತಪ್ಪುತ್ತದೆ, ಲೋಹದ ತಂತಿ ಜೊತೆಗಿಡದೆ ಹೂತ ಪಿವಿಸಿ ಅದಕ್ಕೆ ಕಾಣುವುದೇ ಇಲ್ಲ. ರಾಡಾರಿನ ಅಲೆಯನ್ನು ಒದ್ದೆ ಜೇಡಿ ನುಂಗಿಬಿಡುತ್ತದೆ. ಮಣ್ಣು ಎಷ್ಟು ಒದ್ದೆ ಎಂಬುದರ ಮೇಲೆ ಅಲೆಯ ವೇಗವೂ ಬದಲಾಗುವುದರಿಂದ ಅದು ಕೊಡುವ ಆಳ ಒಂದು ಅಂದಾಜು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಭೂಗತ ಮಾಹಿತಿಯನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿದಾಗ ಉಪಕರಣದಿಂದ ಪತ್ತೆಯಾದದ್ದಕ್ಕೆ ಎರಡನೆಯ ಸ್ಥಾನ ಕೊಟ್ಟು, ಮಣ್ಣು ತೆಗೆದು ಕಣ್ಣಾರೆ ಕಂಡು ಅಳೆದದ್ದನ್ನು ಮಾತ್ರ ಮೊದಲ ದರ್ಜೆಯಲ್ಲಿಟ್ಟಿತು. ಈ ವಿಂಗಡಣೆ ನ್ಯಾಯವಾದದ್ದು. ವಾಲ್ವ್‌ಮ್ಯಾನ್‌ನ ನೆನಪಿಗೂ ನಾನು ದೊಡ್ಡ ಬೆಲೆ ಕೊಡುತ್ತೇನೆ. ಯಾವ ಬೀದಿಯ ಕೊಳವೆ ಎತ್ತ ತಿರುಗಿದೆ ಎಂದು ಅವನಷ್ಟು ಬಲ್ಲವರಿಲ್ಲ. ಆದರೆ ಅವನು ತಿರುಗಿಸುವುದು ವಾಲ್ವನ್ನು, ಎರಡು ವಾಲ್ವ್‌ಗಳ ನಡುವಿನ ಕೊಳವೆಯನ್ನು ಅವನೂ ಕಂಡಿರುವುದಿಲ್ಲ.

ಕೈಯಿಂದ ಟ್ರಯಲ್ ಪಿಟ್, ಅಂದರೆ ಪರೀಕ್ಷಾ ಗುಂಡಿ, ತೆಗೆಸಲು ದಿನಗಳು ಹಿಡಿಯುತ್ತವೆ, ಸಂಚಾರಕ್ಕೆ ತೊಂದರೆ ಎಂಬ ಮಾತು ನಿಜ. ಆದರೆ ಅದಕ್ಕೆ ತಗಲುವ ಖರ್ಚನ್ನು ತೂಗಬೇಕಾದದ್ದು ಆಳದ ಅಜ್ಞಾನ ತರುವ ಹಾನಿಯೊಂದಿಗೆ. ನೆಲದಡಿ ಕೊಳವೆಗಳ ಅಂತರ ತಪ್ಪಿದರೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ: ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಪೆಟ್ರೋಲಿನ ಉಕ್ಕಿನ ಕೊಳವೆಗೆ ತೀರ ಹತ್ತಿರ ಸತುವು ಲೇಪಿಸಿದ ನೀರಿನ ಕೊಳವೆ ಹಾಕಿದ್ದರು. ಎರಡು ಲೋಹಗಳ ಸಾಮೀಪ್ಯದಿಂದ ಉಕ್ಕು ಸವೆದು ತೂತಾಯಿತು, ಪೆಟ್ರೋಲು ಒಳಚರಂಡಿಗೆ ಸೇರಿತು, 1992ರ ಏಪ್ರಿಲ್ 22ರಂದು ಬೀದಿಗಳೇ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ 2023ರ ಮಾರ್ಚ್‌ನಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಅಗೆಯುವವರನ್ನೂ ನೆಲದಡಿ ಆಸ್ತಿ ಇರುವ ಸಂಸ್ಥೆಗಳನ್ನೂ ಮಾತಿಗೆ ಸೇರಿಸುತ್ತದೆ, ಅದು ಸ್ವಾಗತಾರ್ಹ. ಆದರೆ ಸಂಸ್ಥೆಯ ಬಳಿಯೇ ಇಲ್ಲದ ಮಟ್ಟವನ್ನು ಆ್ಯಪ್ ಎಲ್ಲಿಂದ ತರಬೇಕು? ಸೋರಿಕೆ ತಡೆಯಲೆಂದು, ಹೊಸ ಸಂಪರ್ಕಕ್ಕೆಂದು ಈ ಊರಿನಲ್ಲಿ ದಿನವೂ ಗುಂಡಿಗಳು ತೆರೆಯುತ್ತವೆ, ಕೊಳವೆಯ ನೆತ್ತಿ ಕಾಣುತ್ತದೆ. ಮಣ್ಣು ಮುಚ್ಚುವ ಮುನ್ನ ಆಧಾರಬಿಂದುವಿನಿಂದ ಆ ನೆತ್ತಿಯ ಮಟ್ಟ ತೆಗೆದು ಬರೆದಿಡುವುದನ್ನು ಗುತ್ತಿಗೆಯ ಷರತ್ತಾಗಿಸಿ, ಬರೆಯದಿದ್ದರೆ ಬಿಲ್ ತಡೆಹಿಡಿಯಬೇಕು.