ಒಂದು ಮುಕ್ತ ಪಾಠಕ್ರಮ: 1,54,763 ಹೆಸರುಗಳ ವಿಚಾರ

ವಿದ್ಯಾಲಯದ ಹೊಸ್ತಿಲನ್ನು ತುಳಿಯದೆಯೂ ವಿದ್ಯೆಯನ್ನು ಸಂಪಾದಿಸಬಹುದೆಂಬ ವಿಚಾರವು ಹೊಸತೇನೂ ಅಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ತನ್ನ ಪರೀಕ್ಷೆಗಳನ್ನು ಹೊರಗಿನವರಿಗೂ ತೆರೆದಿಟ್ಟಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು 1969ರಲ್ಲಿ ಸ್ಥಾಪಿತವಾಯಿತು. ಅಂತರಜಾಲದ ಉಚಿತ ಪಾಠಗಳನ್ನು ಈ ಪರಂಪರೆಯಲ್ಲಿಟ್ಟು ನೋಡದೆ, ಕೆಲವರು ಅವನ್ನು ಯುಗಾಂತರವೆಂದರು, ಕೆಲವರು ಬರಿಯ ಆಡಂಬರವೆಂದರು. ನಾವು ಇಲ್ಲಿ ಒಂದೇ ಪಾಠಕ್ರಮವನ್ನು ಎತ್ತಿಕೊಂಡು ಪರಿಶೀಲಿಸುತ್ತೇವೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಸರ್ವರಿಗೂ ಉಚಿತವಾಗಿ ಒದಗಿಸುವ ಸಂಕಲ್ಪವನ್ನು 2001ರಲ್ಲಿ ಪ್ರಕಟಿಸಿತ್ತು. ಆದರೆ ಸಾಮಗ್ರಿ ಬೇರೆ, ಪಾಠ ಬೇರೆ. ಅಭ್ಯಾಸ, ಗಡುವು, ಪರೀಕ್ಷೆಗಳಿಂದ ಕೂಡಿದ ಪಾಠಕ್ರಮವೊಂದನ್ನು ಅದು ಹೀಗೆ ಆರಂಭಿಸಿದುದು 2012ರ ಮಾರ್ಚಿಯಲ್ಲಿ. ವಿಷಯವು ಎಲೆಕ್ಟ್ರಾನಿಕ್ಸ್, ಬೋಧಕರಲ್ಲಿ ಪ್ರಮುಖರು ಅನಂತ ಅಗರ್‌ವಾಲ್. ಇವರು ನಮ್ಮ ಮಂಗಳೂರಿನಲ್ಲಿ ಶಾಲೆ ಕಲಿತವರೆಂಬುದನ್ನು ವಾಚಕರು ಸಂತೋಷದಿಂದ ಗಮನಿಸಬಹುದು. ಆ ಸಂತೋಷವು ವಿಮರ್ಶೆಗೆ ಅಡ್ಡ ಬರತಕ್ಕದ್ದಲ್ಲ.

ಹೆಸರು ನೋಂದಾಯಿಸಿದವರು 1,54,763 ಮಂದಿ. ಪ್ರಮಾಣಪತ್ರ ಪಡೆದವರು 7,157. ಎಂದರೆ ನೂರಕ್ಕೆ ಐವರೂ ಇಲ್ಲ. ಟೀಕಾಕಾರರು ಇಲ್ಲಿಗೇ ನಿಲ್ಲುವರು. ನಮಗೆ ಇದು ಸಮಂಜಸವಾಗಿ ತೋರುವುದಿಲ್ಲ. ಶುಲ್ಕವಿಲ್ಲದ ನೋಂದಣಿಯು ಜಾತ್ರೆಗೆ ಬಂದವರ ಎಣಿಕೆಯಂತೆ; ಬಂದವರೆಲ್ಲರೂ ವ್ಯಾಪಾರಕ್ಕೆ ಬಂದವರಲ್ಲ. ಮೊದಲನೆಯ ಅಭ್ಯಾಸಕ್ಕೆ ಕೈಹಚ್ಚಿದವರು 26,349 ಮಂದಿ ಮಾತ್ರ. ಇವರನ್ನೇ ವಿದ್ಯಾರ್ಥಿಗಳೆಂದು ಪರಿಗಣಿಸಿದಲ್ಲಿ ತೇರ್ಗಡೆಯಾದವರು ನೂರಕ್ಕೆ 27ರಷ್ಟಾಗುತ್ತಾರೆ. ಒಂದೇ ದಾಖಲೆಯಿಂದ ಸೋಲನ್ನೂ ಗೆಲುವನ್ನೂ ಸಾಧಿಸಿ ತೋರಿಸಬಹುದಾದುದರಿಂದ, ಯಾರನ್ನು ವಿದ್ಯಾರ್ಥಿಯೆಂದು ಕರೆಯಬೇಕೆಂಬುದೇ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ.

ಪೂರ್ಣಾಂಕ ಪಡೆದವರಲ್ಲಿ ಮಂಗೋಲಿಯಾದ 15 ವರ್ಷದ ಬಾಲಕನೊಬ್ಬನಿದ್ದನು. ಉಚಿತ ಪಾಠದ ಮಹಿಮೆಗೆ ಅವನನ್ನು ಎಲ್ಲೆಡೆಯೂ ನಿದರ್ಶನವಾಗಿ ಕೊಟ್ಟರು. ಆದರೆ ಅವನ ಶಾಲೆಯ ಮುಖ್ಯೋಪಾಧ್ಯಾಯರು ಸ್ವತಃ ಎಂ.ಐ.ಟಿ.ಯಲ್ಲಿ ಓದಿದವರು, ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿ ಆ ಪಾಠವನ್ನು ಹಿಡಿಸಿದವರು ಅವರೇ. ಪ್ರಯೋಗದ ಉಪಕರಣಗಳನ್ನು ಹೊತ್ತು ಸ್ಟ್ಯಾನ್‌ಫರ್ಡಿನಿಂದ ಬಂದು ಕೈಹಿಡಿದು ಕಲಿಸಿದವರೊಬ್ಬರು ಬೇರೆ ಇದ್ದರು. ಬಾಲಕನ ಪ್ರತಿಭೆಯನ್ನು ನಾವು ಕಡಿಮೆಮಾಡುವುದಿಲ್ಲ. 1,54,763ರ ಆ ಲೆಕ್ಕದಲ್ಲಿ ಈ ಇಬ್ಬರು ಎಲ್ಲಿಯೂ ಕಾಣಿಸರೆಂಬುದಷ್ಟೇ ನಮ್ಮ ಮಾತು.

ಹಾರ್ವರ್ಡ್ ಹಾಗೂ ಎಂ.ಐ.ಟಿ.ಗಳು ಅದೇ ವರ್ಷ ಲಾಭರಹಿತವಾಗಿ ಸ್ಥಾಪಿಸಿದ ಎಡ್‌ಎಕ್ಸ್, 2015ರ ಕೊನೆಗೆ ಉಚಿತ ಪ್ರಮಾಣಪತ್ರಗಳನ್ನು ನಿಲ್ಲಿಸಿತು. 2021ರಲ್ಲಿ ಅದು 80 ಕೋಟಿ ಡಾಲರಿಗೆ ಖಾಸಗಿ ವ್ಯಾಪಾರಸಂಸ್ಥೆಯೊಂದರ ಪಾಲಾಯಿತು. ‘ಮುಕ್ತ’ವೆಂಬ ಮಾತಿನ ಅರ್ಥವು ಹತ್ತೇ ವರ್ಷಗಳಲ್ಲಿ ಎಷ್ಟು ಸವೆಯಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ನಮ್ಮ ದೇಶದ ‘ಸ್ವಯಂ’ (2017) ಸರಕಾರದ್ದಾದುದರಿಂದ ಅಂಥ ವಿಕ್ರಯದ ಭೀತಿಯಿಲ್ಲ. ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅದಕ್ಕಿಂತ ಹಿಂದಿನ ಎನ್.ಪಿ.ಟಿ.ಇ.ಎಲ್. ಯೋಜನೆಯು ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳನ್ನು ತೆರೆದು, ಅಲ್ಲಿಯ ಅಧ್ಯಾಪಕರನ್ನೇ ಮಾರ್ಗದರ್ಶಕರನ್ನಾಗಿ ನೇಮಿಸಿಕೊಂಡಿದೆ. ಮಂಗೋಲಿಯಾದಲ್ಲಿ ಆಕಸ್ಮಿಕವಾಗಿ ಒದಗಿದುದನ್ನು ಇಲ್ಲಿ ವ್ಯವಸ್ಥೆಯಾಗಿಯೇ ಮಾಡಲಾಗಿದೆ.